ಜೂನೋ-106: 100 ವೋಲ್ಟ್ ಮಷೀನು, ಚಟಪಟ ಶಬ್ದ, ಎದುರಿಗೆ ಮಳೆಗಾಲ

ಗಿರಿಸಾಲು (ಮೂಡಿಗೆರೆ ಕಡೆ, ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ರೋಲ್ಯಾಂಡ್ ಜೂನೋ-106 ಸಿಂಥಸೈಜರ್ ಬಗ್ಗೆ ತಿಳಿದವರ ಸಲಹೆ ಬೇಕು. 1984ರಲ್ಲಿ ಬಂದ ಮಾದರಿ, 61 ಕೀ, ಆರು ಧ್ವನಿ, ಅಂದರೆ ಒಂದೇ ಸಲಕ್ಕೆ ಆರು ಸ್ವರ. ಇರುವುದು ಜಪಾನಿನ ಮಷೀನು. ಹಿಂಬದಿಯಲ್ಲಿ 100 ವೋಲ್ಟ್ ಎಂದು ಅಚ್ಚಾಗಿದೆ, ಎರಡು ಚಪ್ಪಟೆ ಪಿನ್ನಿನ ಪ್ಲಗ್ಗು. ಸದ್ಯಕ್ಕೆ 230ರಿಂದ 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಮೇಲೆ ಓಡುತ್ತಿದೆ.

ತೊಂದರೆಗಳು ಹೀಗಿವೆ. ಕೆಲವು ಸಲ ಕೀ ಒತ್ತಿದಾಗ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಶಬ್ದ. ಒಮ್ಮೆ ಒಂದು ಕೀಯಲ್ಲಿ, ಇನ್ನೊಮ್ಮೆ ಬೇರೆ ಕೀಯಲ್ಲಿ. ನಡುವಿನ ಸ್ಥಾಯಿಯಲ್ಲಿ ಮೂರು ಕೀಗಳು ಗಟ್ಟಿಯಾಗಿ ಅದುಮಿದರೆ ಮಾತ್ರ ನುಡಿಯುತ್ತವೆ. ಆಫ್ ಮಾಡಿ ಆನ್ ಮಾಡಿದರೆ ಉಳಿಸಿಟ್ಟ ಶಬ್ದದ ಹೊಂದಿಕೆಗಳು, ಅಂದರೆ ಪ್ಯಾಚ್‌ಗಳು ಕಲಸಿಹೋಗಿರುತ್ತವೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಗುಂಯ್ ಎನ್ನುವ ಸದ್ದು. ಶಬ್ದವನ್ನು ಮಂಕು ಅಥವಾ ಚೂಪು ಮಾಡುವ ಫಿಲ್ಟರ್ ಸ್ಲೈಡರ್ ಸರಿಸಿದರೆ ಶಬ್ದ ನುಣುಪಾಗಿ ಬದಲಾಗದೆ ಎಗರುತ್ತದೆ.

ಸುಗಮ ಸಂಗೀತದ ಹಾಡುಗಾರರಿಗೆ ಜೊತೆ ನುಡಿಸಲು ಬೇಕಾದ ವಾದ್ಯ ಇದು. ಜೂನ್ ಮಳೆ ಹಿಡಿಯುವ ಮೊದಲು ಸರಿಹೋಗಬೇಕು. ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಮನೆಯಲ್ಲೇ ಮಾಡಬಹುದು, ಯಾವುದನ್ನು ಕೈ ನುರಿತವರಿಗೆ ಬಿಡಬೇಕು?

ಹಾಸನ ಸೋಲ್ಡರ್

ಸರ್, ಒಳಗಿನ ಐಸಿ ಚಿಪ್ಪು ಕೆಟ್ಟಿದೆಯಾ ಅನ್ನೋ ಯೋಚನೆ ಆಮೇಲೆ. ಮೊದಲು ಕರೆಂಟು ಸರಿ ಮಾಡಿ. ಅದು ಸರಿಯಿಲ್ಲದೆ ಒಳಗಡೆ ಏನು ಅಳತೆ ಮಾಡಿದರೂ ಆ ಲೆಕ್ಕ ನಂಬೋ ಹಾಗಿಲ್ಲ.

110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಅಮೆರಿಕದ ಸಾಮಾನಿಗೆ ಸರಿ, ಜಪಾನಿನ 100 ವೋಲ್ಟಿನ ಮಷೀನಿಗೆ ಅಲ್ಲ. 230 ಇದ್ದಾಗಲೇ ಹತ್ತು ಪರ್ಸೆಂಟ್ ಜಾಸ್ತಿ ಹೋಗ್ತಿರುತ್ತೆ. ರಾತ್ರಿ ಹೊತ್ತು ಲೋಡ್ ಇಳಿದು ಲೈನ್ 250ಕ್ಕೆ ಏರಿದರೆ ನಿಮ್ಮ ಜೂನೋಗೆ 120 ವೋಲ್ಟ್ ಹತ್ತಿರ ಸಿಗುತ್ತೆ. ಹೆಚ್ಚಿಗೆ ಬಂದಿದ್ದನ್ನೆಲ್ಲ ಒಳಗಿನ ರೆಗ್ಯುಲೇಟರ್‌ಗಳು ಬಿಸಿಯಾಗಿ ಹೊರಗೆ ಹಾಕಬೇಕು. ಆ ಬಿಸಿ ಪಕ್ಕದ ಕೆಪಾಸಿಟರ್‌ಗಳನ್ನ ಒಣಗಿಸುತ್ತೆ. ಉಲ್ಟಾ ಕಡೆನೂ ನೋಡಿ: ತೋಟದ ಪಂಪ್‌ಸೆಟ್‌ಗಳೆಲ್ಲ ಓಡುವಾಗ ಲೈನ್ 180ಕ್ಕೆ ಇಳಿದರೆ, 100ರ ಟ್ರಾನ್ಸ್‌ಫಾರ್ಮರ್ ಕೊಡೋದು 78 ಮಾತ್ರ. ಆಗ ರೆಗ್ಯುಲೇಟರಿಗೆ ಬೇಕಾದಷ್ಟು ವೋಲ್ಟೇಜ್ ಇರಲ್ಲ. ಹಮ್ ಬರುತ್ತೆ, ಪ್ರೊಸೆಸರ್ ತಾನಾಗೇ ರೀಸೆಟ್ ಆಗುತ್ತೆ.

ಟ್ರಾನ್ಸ್‌ಫಾರ್ಮರ್ ಸುತ್ತಿಕೊಡೋ ಅಂಗಡಿಯಲ್ಲಿ ಹೀಗೆ ಹೇಳಿ: ಇನ್‌ಪುಟ್ 230, ಔಟ್‌ಪುಟ್ 100 ವೋಲ್ಟ್, 100 ವಿಎ (ವೋಲ್ಟ್-ಆಂಪಿಯರ್, ತಡೆಯೋ ಸಾಮರ್ಥ್ಯ), ಪ್ರೈಮರಿ ಸೆಕೆಂಡರಿ ಬೇರೆ ಬೇರೆ ಸುತ್ತಿರಬೇಕು. ಒಂದೇ ಸುತ್ತಿನಲ್ಲಿ ಟ್ಯಾಪ್ ತೆಗೆದ ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ. ಆದರೆ ಅದರಲ್ಲಿ ಮೇನ್ಸಿಗೂ ಮಷೀನಿಗೂ ನಡುವೆ ಬೇರ್ಪಡೆ ಇರಲ್ಲ, ನ್ಯೂಟ್ರಲ್ ಕಿತ್ತುಹೋದರೆ ಅಪಾಯ. ಜೂನೋ ಎಳೆಯೋ ವ್ಯಾಟ್ ಕಡಿಮೆ, 100 ವಿಎ ಧಾರಾಳ. 230ರ ಕಡೆ 1 ಆಂಪಿನ ಸ್ಲೋ ಬ್ಲೋ ಫ್ಯೂಸ್ ಹಾಕಿಸಿ. ಅದರ ಮುಂದೆ ಒಳ್ಳೆ ಸ್ಟೆಬಿಲೈಜರ್ ಇರಲಿ, ಆದರೆ ರಿಲೇ ಬದಲಾದಾಗ ಟಿಕ್ ಅನ್ನೋ ಸದ್ದು ಸ್ಪೀಕರಿನಲ್ಲಿ ಕೇಳಬಹುದು. ಅದು ಮಷೀನಿನ ದೋಷ ಅಲ್ಲ. ಒಳಗಿನ ಟ್ರಾನ್ಸ್‌ಫಾರ್ಮರನ್ನೇ ಬದಲಿಸ್ತೀನಿ ಅನ್ನೋರು ಸಿಗ್ತಾರೆ, ಒಪ್ಪಬೇಡಿ. ಹೊರಗಡೆ ಒಂದು ಡಬ್ಬ ಇಟ್ಟರೆ ಆಗೋ ಕೆಲಸಕ್ಕೆ ಮೂಲ ಭಾಗ ಕೀಳೋದು ಬೇಡ.

ಇನ್ವರ್ಟರ್ ಗುಂಯ್ ಅನ್ನೋದಕ್ಕೆ ಕಾರಣ ಸ್ಕ್ವೇರ್ ವೇವ್. ಆ ಅಲೆಯಲ್ಲಿ ಮೇಲಿನ ಹಾರ್ಮೋನಿಕ್ಸ್ ತುಂಬಾ ಇರುತ್ತೆ, ಟ್ರಾನ್ಸ್‌ಫಾರ್ಮರ್ ಅದುರುತ್ತೆ, ಆಡಿಯೋದೊಳಗೂ ನುಗ್ಗುತ್ತೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದರೆ ನುಡಿಸಿ. ಇಲ್ಲದಿದ್ದರೆ ಕರೆಂಟ್ ಬರೋ ತನಕ ಆಫ್ ಮಾಡಿಡಿ. ಏಪ್ರಿಲ್-ಮೇ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತರೆ ಸಾಲದು, ಮಿಡಿ ಕೇಬಲ್ಲು (ಕಂಪ್ಯೂಟರಿಗೆ ಜೋಡಿಸೋದು), ಆಡಿಯೋ ಕೇಬಲ್ಲೂ ಕಿತ್ತಿಡಿ. ಸಿಡಿಲಿನ ಸರ್ಜ್ ಕಂಪ್ಯೂಟರ್ ಮೂಲಕ ಮಿಡಿ ಕೇಬಲ್ಲಿನಲ್ಲೂ ಬರುತ್ತೆ.

ಇನ್ನು ಅಳತೆ. ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ತೆರೆಯಿರಿ. ಸ್ಕ್ರೂ ಬಿಚ್ಚಿದರೆ ಮೇಲಿನ ಫಲಕ ಪೆಟ್ಟಿಗೆ ಮುಚ್ಚಳದಂತೆ ಹಿಂದಕ್ಕೆ ತೆರೆದುಕೊಳ್ಳುತ್ತೆ. ಪೂರ್ತಿ ಜೋತುಬೀಳೋಕೆ ಬಿಡಬೇಡಿ, ಏನಾದರೂ ಆನಿಸಿ, ರಿಬ್ಬನ್ ವೈರ್ ಎಳೆದುಹೋಗುತ್ತೆ. ಮತ್ತೆ ಪ್ಲಗ್ ಹಾಕಿ ಮಲ್ಟಿಮೀಟರಿನಲ್ಲಿ ಮೂರು ಸಪ್ಲೈ ನೋಡಿ: ಪ್ಲಸ್ 15, ಮೈನಸ್ 15, ಪ್ಲಸ್ 5 ವೋಲ್ಟ್. ಆಮೇಲೆ ಅದೇ ಜಾಗದಲ್ಲಿ ಮೀಟರನ್ನ ಎಸಿಗೆ ತಿರುಗಿಸಿ. ಕೆಲವು ಮಿಲಿವೋಲ್ಟ್ ಬಂದರೆ ಸರಿ. ಹತ್ತಾರು ಮಿಲಿವೋಲ್ಟ್ ಇದ್ದರೆ ಸಪ್ಲೈಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಮುಗಿದಿವೆ ಅಂತ. ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಒಂದು ಹಂತ ಮೇಲಿನದು, 105 ಡಿಗ್ರಿಯದು ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತೆ. ಮೇನ್ಸ್ ಇರೋ ಕಡೆ ಕೈ ಹಾಕೋ ಅಭ್ಯಾಸ ಇಲ್ಲದಿದ್ದರೆ ಈ ಪ್ಯಾರಾದ ಕೆಲಸ ಟಿವಿ, ಆಂಪ್ಲಿಫೈಯರ್ ರಿಪೇರಿ ಗೊತ್ತಿರೋರಿಗೆ ಕೊಡಿ.

ಅದಾದ ಮೇಲೆ ಚಟಪಟ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ತೊಂದರೆ ಕೀಯ ಹಿಂದೆ ಹೋಗುತ್ತಾ, ಧ್ವನಿಯ ಹಿಂದೆ ಹೋಗುತ್ತಾ? ಜೂನೋ ನೀವು ಒತ್ತಿದ ಕೀಗಳನ್ನ ಆರು ಧ್ವನಿಗಳಿಗೆ ಸರದಿಯಲ್ಲಿ ಹಂಚುತ್ತೆ. ಅದಕ್ಕೇ ಸದ್ದು ಒಂದು ಕೀಯಿಂದ ಇನ್ನೊಂದಕ್ಕೆ ಓಡಾಡಿದ ಹಾಗೆ ಕಾಣೋದು. ಆಫ್ ಮಾಡಿ, ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿಹಿಡಿದುಕೊಂಡೇ ಆನ್ ಮಾಡಿ. ಟೆಸ್ಟ್ ಮೋಡ್ ಬರುತ್ತೆ. ಈಗ ಯಾವುದಾದರೂ ಒಂದೇ ಕೀಯನ್ನ ಮತ್ತೆ ಮತ್ತೆ ಒತ್ತಿ. ಯಾವ ಧ್ವನಿ ನುಡೀತಿದೆ ಅನ್ನೋ ಸಂಖ್ಯೆ, 1ರಿಂದ 6, ಡಿಸ್‌ಪ್ಲೇಯಲ್ಲಿ ಕಾಣುತ್ತೆ. ಕಾಗದದಲ್ಲಿ ಆರು ಮನೆ ಹಾಕಿ ಒಂದೊಂದರ ಎದುರಿಗೆ ಬರೆಯಿರಿ: ಚಟಪಟ ಇದೆಯಾ, ಸಣ್ಣ ಆಗಿದೆಯಾ, ಬಿಟ್ಟ ಮೇಲೂ ಸೋರುತ್ತಾ, ಫಿಲ್ಟರ್ ಮುಚ್ಚುತ್ತಾ. ಕೋರಸ್ (ಶಬ್ದವನ್ನ ದಪ್ಪ ಮಾಡೋ ಎಫೆಕ್ಟ್) ಆಫ್ ಇರಲಿ, ಇಲ್ಲದಿದ್ದರೆ ಅದರ ಹಿಸ್ ಕಿವಿಗೆ ಮೋಸ ಮಾಡುತ್ತೆ. ತಣ್ಣಗಿದ್ದಾಗ ಒಂದು ಸಲ, ಅರ್ಧ ಗಂಟೆ ಆನ್ ಇಟ್ಟು ಇನ್ನೊಂದು ಸಲ ಮಾಡಿ. ಕೆಲವು ಚಿಪ್ಪು ಬಿಸಿಯಾದ ಮೇಲೇ ಬಣ್ಣ ತೋರಿಸೋದು.

ಆ ಪಟ್ಟಿ ಇಲ್ಲಿ ಹಾಕಿ, ಮುಂದಿನದು ಹೇಳ್ತೀನಿ.

ಗಿರಿಸಾಲು

ತುಂಬಾ ಉಪಕಾರವಾಯಿತು ಸರ್. ಸುತ್ತಿಸಿದ 100 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮೇಲೆ ಸಪ್ಲೈ ಮೂರೂ ಸರಿಯಾಗಿವೆ, ಎಸಿ ಅಂಶ ಮೂರು-ನಾಲ್ಕು ಮಿಲಿವೋಲ್ಟ್. ಟೆಸ್ಟ್ ಮೋಡಿನ ಪಟ್ಟಿ: 1, 2, 6 ಸ್ವಚ್ಛ. 3ರಲ್ಲಿ ಚಟಪಟ, ಬಿಸಿಯಾದ ಮೇಲೆ ಹೆಚ್ಚು, ಕೀ ಬಿಟ್ಟ ಮೇಲೂ ನಿಲ್ಲುವುದಿಲ್ಲ. 5ರ ಶಬ್ದ ಬಹಳ ಸಣ್ಣ, ಕೆಲವೊಮ್ಮೆ ಮಾಯ. 4ರಲ್ಲಿ ಕೀ ಬಿಟ್ಟಾಗ ಸ್ವಲ್ಪ ಸೋರಿಕೆ. ಅದುಮಿದರೆ ಮಾತ್ರ ನುಡಿಯುವ ಮೂರು ಕೀಗಳು ಯಾವ ಸಂಖ್ಯೆ ಬಂದರೂ ಹಾಗೆಯೇ.

ಹಾಸನ ಸೋಲ್ಡರ್

ಪಟ್ಟಿ ಚೆನ್ನಾಗಿದೆ, ಅರ್ಧ ರಿಪೇರಿ ಆದ ಹಾಗೇ. ಮೂರು ಕೀಗಳ ವಿಷಯ ಬೇರೆ, ಅದು ಕಾಂಟ್ಯಾಕ್ಟ್. 3, 4, 5ರ ತೊಂದರೆ ಮಾತ್ರ 80017ಎ ಅನ್ನೋ ಚಿಪ್ಪಿನದು.

ಇದು ಫಿಲ್ಟರ್ ಮತ್ತು ವಿಸಿಎ (ಶಬ್ದದ ಮಟ್ಟ ಏರಿಳಿಸೋ ಭಾಗ) ಎರಡನ್ನೂ ಒಳಗಿಟ್ಟುಕೊಂಡ ಹೈಬ್ರಿಡ್ ಚಿಪ್ಪು. ಧ್ವನಿಗೊಂದರಂತೆ ಆರು. ಸಣ್ಣ ಬೋರ್ಡಿನ ಮೇಲೆ ಬಿಡಿಭಾಗ ಕೂರಿಸಿ, ಸುತ್ತ ಕಪ್ಪು ಎಪಾಕ್ಸಿ ಬಳಿದಿದ್ದಾರೆ. ವಯಸ್ಸಾದ ಮೇಲೆ ಆ ಲೇಪನವೇ ವಿದ್ಯುತ್ ಸೋರೋಕೆ ದಾರಿ ಆಗುತ್ತೆ. ಒಳಗಿನ ಹೈ ಇಂಪೀಡೆನ್ಸ್ ಜಾಗಗಳಿಗೆ ಅಷ್ಟು ಸೋರಿಕೆ ಸಾಕು: ವಿಸಿಎ ಪೂರ್ತಿ ಮುಚ್ಚಲ್ಲ, ಫಿಲ್ಟರ್ ಓಲಾಡುತ್ತೆ, ಚಟಪಟ ಬರುತ್ತೆ. ನಿಮ್ಮ ಮಷೀನು ಅಂತಲ್ಲ, ಈ ವಯಸ್ಸಿನ ಜೂನೋ-106ಗಳಲ್ಲಿ ಎಲ್ಲೆಡೆ ಕಾಣೋದು ಇದು. ಇದೇ ಬಗೆಯ ಲೇಪನ ಇರೋ ಎಂಸಿ5534ಎ ಅನ್ನೋ ಇನ್ನೂ ಮೂರು ಚಿಪ್ಪುಗಳಿವೆ, ಅಲೆಯ ಆಕಾರ ಕೊಡೋವು, ಒಂದೊಂದು ಎರಡೆರಡು ಧ್ವನಿಗೆ. ಎರಡು ಧ್ವನಿಯಲ್ಲಿ ಒಟ್ಟಿಗೆ ಸಾ ಟೂತ್ ಅಥವಾ ಪಲ್ಸ್ ಅನ್ನೋ ಅಲೆ ಇಲ್ಲದಂತಾದರೆ ಅವನ್ನ ಅನುಮಾನಿಸಿ. ನಿಮ್ಮದರಲ್ಲಿ ಆ ಲಕ್ಷಣ ಇಲ್ಲ.

ದಾರಿ ಎರಡು. ಒಂದು, ಹೊಸದಾಗಿ ತಯಾರಾದ ಬದಲಿ ಚಿಪ್ಪು ಹೊರದೇಶದಿಂದ ತರಿಸೋದು. ಖರ್ಚು ಜಾಸ್ತಿ, ಕಸ್ಟಮ್ಸ್ ಬೇರೆ, ಆದರೆ ಹಾಕಿದ ಮೇಲೆ ನೆಮ್ಮದಿ. ಎರಡು, ಹಳೆಯದನ್ನ ಬಿಚ್ಚಿ ಅಸಿಟೋನಿನಲ್ಲಿ ನೆನೆಸಿ ಲೇಪನ ಕಳಚೋದು. ಖರ್ಚು ಕಡಿಮೆ, ಬಹಳ ಸಲ ಚಿಪ್ಪು ಬದುಕುತ್ತೆ, ಎಲ್ಲವೂ ಅಲ್ಲ. 5 ನಂಬರಿನದು ಪೂರ್ತಿ ಸಾಯೋ ಹಂತಕ್ಕೆ ಬಂದಿದೆ, ಅದಕ್ಕೆ ಹೊಸದು ತರಿಸಿ. 3 ಮತ್ತು 4ಕ್ಕೆ ಅಸಿಟೋನ್ ಪ್ರಯತ್ನ ಮಾಡಬಹುದು.

ಬಿಚ್ಚೋದರಲ್ಲೇ ಹೆಚ್ಚು ಹಾಳಾಗೋದು. ಚಿಪ್ಪಿನ ಕಾಲುಗಳು ಒಂದೇ ಸಾಲು, ತಾಮ್ರದ ಟ್ರ್ಯಾಕ್ ತೆಳು. ಮೊದಲು ಪ್ರತಿ ಕಾಲಿಗೂ ಹೊಸ 60/40 ಸೀಸ (ತವರ ಬೆರೆತ ಸೋಲ್ಡರ್) ಸ್ವಲ್ಪ ಸೇರಿಸಿ, ಹಳೇ ಸೀಸ ಆಗ ಚೆನ್ನಾಗಿ ಕರಗುತ್ತೆ. 350 ಡಿಗ್ರಿ, ಒಂದು ಕಾಲಿಗೆ ಎರಡು-ಮೂರು ಸೆಕೆಂಡ್, ಪಂಪಿನಲ್ಲಿ ಎಳೆಯಿರಿ, ಉಳಿದಿದ್ದನ್ನ ಡಿಸೋಲ್ಡರ್ ವಿಕ್‌ನಿಂದ ತೆಗೀರಿ. ಎಲ್ಲಾ ಕಾಲೂ ತೂತಿನಲ್ಲಿ ಅಲುಗಾಡೋ ತನಕ ಚಿಪ್ಪನ್ನ ಮೇಲಕ್ಕೆ ಎಳೀಬೇಡಿ. ಎಳೆದರೆ ಟ್ರ್ಯಾಕ್ ಜೊತೆಗೇ ಬರುತ್ತೆ. ಬಿಚ್ಚಿದ ಜಾಗಕ್ಕೆ ದುಂಡು ತೂತಿನ ಸಾಕೆಟ್ ಸ್ಟ್ರಿಪ್ ಸೋಲ್ಡರ್ ಮಾಡಿ. ಮುಂದೆ ಚಿಪ್ಪು ಅದಲುಬದಲು ಮಾಡಿ ನೋಡೋಕೆ ಸುಲಭ.

ಅಸಿಟೋನ್ ಅಂದರೆ ಶುದ್ಧ ಅಸಿಟೋನ್, ಲ್ಯಾಬ್ ಕೆಮಿಕಲ್ಸ್ ಅಂಗಡಿಯದು. ನೇಲ್ ಪಾಲಿಶ್ ರಿಮೂವರಿನಲ್ಲಿ ಎಣ್ಣೆ, ಬಣ್ಣ ಬೆರೆತಿರುತ್ತೆ. ಗಾಜಿನ ಬಾಟಲಿ, ಲೋಹದ ಮುಚ್ಚಳ. ಹಲವು ಬಗೆಯ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತೆ. ಚಿಪ್ಪು ಮುಳುಗೋಷ್ಟು ಹಾಕಿ, ಎರಡು-ಮೂರು ದಿನ ಬಿಡಿ. ಹೊರಗೆ, ಗಾಳಿಯಾಡೋ ಜಾಗದಲ್ಲಿ, ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇಲ್ಲದ ಕಡೆ. ಲೇಪನ ಮೆದುವಾಗಿ ಪದರ ಪದರವಾಗಿ ಏಳುತ್ತೆ. ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿ, ಸ್ಕ್ರೂಡ್ರೈವರ್ ಬೇಡ. ಬರಲ್ಲ ಅಂದರೆ ಇನ್ನೊಂದು ದಿನ ನೆನೆಸಿ, ಬಲ ಹಾಕಬೇಡಿ. ಒಳಗಿನ ಪುಟ್ಟ ಕೆಪಾಸಿಟರ್ ಲೇಪನದ ಜೊತೆ ಕಿತ್ತುಬಂದರೆ ಚಿಪ್ಪು ಮುಗೀತು. ತೊಳೆದು ಒಂದು ದಿನ ಪೂರ್ತಿ ಒಣಗಿಸಿ. ಮೇಲೆ ಮತ್ತೆ ಏನನ್ನೂ ಬಳೀಬೇಡಿ.

ಹಾಕಿದ ಮೇಲೆ ಟ್ರಿಮ್ಮರ್ (ಬೋರ್ಡಿನ ಮೇಲಿನ ಪುಟ್ಟ ಹೊಂದಾಣಿಕೆ ತಿರುಪು) ಕೆಲಸ ಇದೆ: ವಿಸಿಎ ಆಫ್‌ಸೆಟ್, ಫಿಲ್ಟರಿನ ಫ್ರೀಕ್ವೆನ್ಸಿ, ಅದರ ವಿಡ್ತ್, ರೆಸೊನೆನ್ಸ್. ಸರ್ವೀಸ್ ಮ್ಯಾನ್ಯುಯಲಿನಲ್ಲಿ ಹೇಳಿದ ಕ್ರಮದಲ್ಲೇ ಮಾಡಿ, ಟೆಸ್ಟ್ ಮೋಡಿನ ಬ್ಯಾಂಕ್ ಬಟನ್‌ಗಳು ಅದಕ್ಕೆ ಬೇಕಾದ ಶಬ್ದ ಕೊಡುತ್ತವೆ. ಇದನ್ನ ಬಿಟ್ಟರೆ ಆರರಲ್ಲಿ ಒಂದು ಧ್ವನಿ ಮಾತ್ರ ಮಂಕಾಗಿಯೋ ಚೂಪಾಗಿಯೋ ಕೇಳುತ್ತೆ, ನಿಧಾನದ ಹಾಡಿನಲ್ಲಿ ಎದ್ದು ಕಾಣುತ್ತೆ.

ಹೇಮಾವತಿ ದಂಡೆ (ಸಕಲೇಶಪುರ)

ಕೀ, ಸ್ಲೈಡರ್, ಬ್ಯಾಟರಿ, ತೇವ ಇಷ್ಟರ ಬಗ್ಗೆ ನಾನು ಬರೀತೀನಿ. ಬ್ಯಾಟರಿ ಬೇಗ ಮುಗಿಯೋ ಮಾತು, ಅದನ್ನೇ ಮೊದಲು ಹೇಳಿಬಿಡ್ತೀನಿ.

ಒಳಗಿರೋದು ಸಿಆರ್2032, ಬೋರ್ಡಿಗೆ ಸೋಲ್ಡರ್ ಆಗಿರುತ್ತೆ. ಮೀಟರಿನಲ್ಲಿ 2.5 ವೋಲ್ಟಿಗಿಂತ ಕೆಳಗಿದ್ದರೆ ಪ್ಯಾಚ್ ಕಲಸಿಹೋಗೋದಕ್ಕೆ ಅದೇ ಕಾರಣ. ಬಿಚ್ಚೋ ಮುಂಚೆ ಉಳಿದಿರೋ ಒಳ್ಳೆ ಪ್ಯಾಚ್‌ಗಳನ್ನ ಟೇಪ್ ಸೇವ್ (ಹಿಂದೆ ಕ್ಯಾಸೆಟ್ಟಿಗೆ ಉಳಿಸ್ತಿದ್ದ ಜಾಕ್) ಮೂಲಕ ಲ್ಯಾಪ್‌ಟಾಪಿಗೆ ವೇವ್ ಫೈಲಾಗಿ ರೆಕಾರ್ಡ್ ಮಾಡಿ, ವೆರಿಫೈ ಮಾಡಿ ನೋಡಿ. ಎಂಪಿ3 ಮಾಡಿದರೆ ಹಾಳಾಗುತ್ತೆ. ಅದು ಹಾಡಲ್ಲ, ಶಬ್ದದ ರೂಪದ ಡೇಟಾ. ಬ್ಯಾಟರಿಯನ್ನ ನೇರ ಸೋಲ್ಡರ್ ಮಾಡದೆ ಹೋಲ್ಡರ್ ಹಾಕಿ, ಪ್ಲಸ್ ಮೈನಸ್ ನೋಡಿಕೊಂಡು. ಕೆಲಸ ಮಾಡುವಾಗ ಪ್ಲಗ್ ಕಿತ್ತಿರಲಿ. ಆಮೇಲೆ ಹಿಂಬದಿಯ ಮೆಮೊರಿ ಪ್ರೊಟೆಕ್ಟ್ ಸ್ವಿಚ್ ಆಫ್ ಮಾಡಿ ಅದೇ ಫೈಲ್ ಲೋಡ್ ಮಾಡಿ. ಲೋಡ್ ಆಗ್ತಿಲ್ಲ ಅಂದರೆ ಹೆಚ್ಚಾಗಿ ವಾಲ್ಯೂಮ್ ಸಾಲದಿರುತ್ತೆ ಅಥವಾ ಈಕ್ವಲೈಜರ್ ಆನ್ ಇರುತ್ತೆ.

ಕೀಗಳಿಗೆ ಬರೋಣ. ಕೀ ಕೆಳಗೆ ರಬ್ಬರ್ ಪಟ್ಟಿ, ಅದರ ಗುಳ್ಳೆಯೊಳಗೆ ಕಪ್ಪು ಕಾರ್ಬನ್ ಚುಕ್ಕೆ, ಎದುರಿಗೆ ಬೋರ್ಡಿನ ಮೇಲೂ ಕಾರ್ಬನ್. ಮಲೆನಾಡಿನ ತೇವಕ್ಕೆ ಇವೆರಡರ ನಡುವೆ ಜಿಡ್ಡಿನ ಪೊರೆ ಕಟ್ಟುತ್ತೆ, ಅದಕ್ಕೇ ಅದುಮಬೇಕಾಗೋದು. 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ತರಿಸಿ. ಸ್ಯಾನಿಟೈಜರ್ ಬೇಡ, ಗ್ಲಿಸರಿನ್ ಇರುತ್ತೆ, ಇನ್ನಷ್ಟು ಅಂಟಾಗುತ್ತೆ. ನೂಲು ಬಿಡದ ಬಟ್ಟೆಗೆ ಸ್ವಲ್ಪ ತಾಕಿಸಿ ಚುಕ್ಕೆಯನ್ನ ಒಂದೆರಡು ಸಲ ಒತ್ತಿ ಒರೆಸಿ. ಉಜ್ಜಬೇಡಿ, ಕಾರ್ಬನ್ನೇ ಎದ್ದುಬರುತ್ತೆ. ಸ್ಯಾಂಡ್ ಪೇಪರ್, ಎರೇಸರ್ ಮಾತೇ ಬೇಡ. ಪಟ್ಟಿ ಪೂರ್ತಿ ಒಣಗಿದ ಮೇಲೆ ಕೂರಿಸಿ, ಒಂದು ಮೂಲೆ ಮಡಚಿಕೊಂಡರೂ ಪಕ್ಕದ ಕೀ ಸಿಕ್ಕಿಕೊಳ್ಳುತ್ತೆ. ಬಿಡಿಬಿಡಿಯಾಗಿ ಕೆಲವು ಕೀ ಕೆಟ್ಟಿದ್ದರೆ ಈ ಕೆಲಸ. ಒಂದು ನಿಯಮದಂತೆ ಎಂಟಕ್ಕೊಂದು ಕೀಯೋ ಒಂದು ಗುಂಪು ಪೂರ್ತಿಯೋ ಸತ್ತಿದ್ದರೆ ಅದು ಕೀಗಳನ್ನ ಓದೋ ತಂತಿಜಾಲದ (ಮ್ಯಾಟ್ರಿಕ್ಸಿನ) ಒಂದು ಲೈನು, ರಿಬ್ಬನ್ ಕನೆಕ್ಟರ್ ನೋಡಿ.

ಸ್ಲೈಡರ್‌ಗೆ ಮೊದಲ ಔಷಧ ವ್ಯಾಯಾಮ. ಆಫ್ ಮಾಡಿ ಪ್ರತಿಯೊಂದನ್ನೂ ತುದಿಯಿಂದ ತುದಿಗೆ ಇಪ್ಪತ್ತು ಮೂವತ್ತು ಸಲ ಓಡಿಸಿ. ಆಗಲೂ ಎಗರಿದರೆ ಫೇಡರ್‌ಗೆಂದೇ ಮಾಡಿದ ಲೂಬ್ರಿಕೆಂಟ್ ಕ್ಲೀನರ್, ಒಂದು ಚುಟುಕು ಸ್ಪ್ರೇ ಸಾಕು. ಡಬ್ಲ್ಯೂಡಿ-40 ಹೊಡೆದರೆ ಅವತ್ತು ಬೆಣ್ಣೆ ಹಾಗೆ ಓಡುತ್ತೆ, ಆದರೆ ಒಳಗಿನ ಗ್ರೀಸ್ ತೊಳೆದುಹೋಗಿ ಧೂಳು ಕೂತು ಮುಂದಿನ ಬೇಸಿಗೆಗೆ ಕಚ್ಚಿಕೊಳ್ಳುತ್ತೆ.

ತೇವದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಹಾಸನದ ಅಣ್ಣ ಹೇಳಿದ ರಿಪೇರಿ ಎಲ್ಲಾ ಮಾಡಿಸಿ ತೇವ ಬಿಟ್ಟರೆ ಎರಡು ಮಳೆಗಾಲದಲ್ಲಿ ಮತ್ತೆ ಇಲ್ಲಿಗೇ ಬರ್ತೀರಿ. ಆರಿದ್ರಾದಿಂದ ಆಶ್ಲೇಷ ಮುಗಿಯೋ ತನಕ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮನೆಯೊಳಗೂ ಗಾಳಿ ಒದ್ದೆ. ಅರಸೀಕೆರೆಯವರಿಗೆ ಈ ತಲೆನೋವು ಅಷ್ಟಿಲ್ಲ. ಒಂದು ಡಿಜಿಟಲ್ ಹೈಗ್ರೊಮೀಟರ್ ತಂದು ವಾದ್ಯದ ಪಕ್ಕ ಇಡಿ. ತೇವ 40ರಿಂದ 55 ಪರ್ಸೆಂಟ್ ಇದ್ದರೆ ಒಳ್ಳೇದು, 70 ದಾಟಿ ನಿಂತರೆ ಲೋಹ, ಕಾರ್ಬನ್, ಕನೆಕ್ಟರ್ ಎಲ್ಲಾ ಹಿಡಿಯುತ್ತೆ.

ಹೊರಗೋಡೆಗೆ ತಾಗಿಸಿ ಇಡಬೇಡಿ, ಒಂದು ಮೊಳ ದೂರ ಇರಲಿ. ನೆಲದ ಮೇಲೂ ಬೇಡ. ಪ್ಲಾಸ್ಟಿಕ್ ಹೊದಿಕೆ ಬಿಗಿಯಾಗಿ ಮುಚ್ಚಿದರೆ ಒಳಗಿನ ತೇವ ಅಲ್ಲೇ ಬೆವರುತ್ತೆ, ಹತ್ತಿ ಬಟ್ಟೆ ಹೊದಿಸಿ. ಮರದ ಬೀರುವಿನೊಳಗೆ ಇಡೋ ಹಾಗಿದ್ದರೆ ಹಳೇ ಕಾಲದ ಸೊನ್ನೆ ವ್ಯಾಟ್ ಬಲ್ಬು, ತಂತಿ ಕಾಯೋ ಬಗೆಯದು, ಕೆಳಗಡೆ ಹಾಕಿ ಉರಿಸಿ. ಎಲ್‌ಇಡಿ ಬಲ್ಬಿನಿಂದ ಪ್ರಯೋಜನ ಇಲ್ಲ, ಬೇಕಾಗಿರೋದು ಬೆಳಕಲ್ಲ, ಶಾಖ. ಗಾಳಿ ನಾಲ್ಕು ಡಿಗ್ರಿ ಬೆಚ್ಚಗಾದರೂ ಸಾಪೇಕ್ಷ ತೇವ ಗಣನೀಯವಾಗಿ ಇಳಿಯುತ್ತೆ. ಬಲ್ಬಿಗೂ ಬಟ್ಟೆಗೂ ಒಂದಡಿ ಅಂತರ ಇರಲೇಬೇಕು.

ಪೆಟ್ಟಿಗೆಯಲ್ಲಿ ಇಡೋದಾದರೆ ಸಿಲಿಕಾ ಜೆಲ್ ಅರ್ಧ ಕೆಜಿ, ಎರಡು ಮೂರು ಹತ್ತಿ ಚೀಲದಲ್ಲಿ. ಬಣ್ಣ ಬದಲಾದ ಮೇಲೆ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ. ಕಿತ್ತಳೆ ಬಣ್ಣದ್ದು ತಗೊಳ್ಳಿ. ನುಡಿಸಿ ಮುಗಿಸಿದ ತಕ್ಷಣ ಪೆಟ್ಟಿಗೆ ಮುಚ್ಚಬೇಡಿ, ಆರಲಿ. ಎಲ್ಲಕ್ಕಿಂತ ಸುಲಭದ ರಕ್ಷಣೆ ವಾರಕ್ಕೆ ಎರಡು ಸಲ ಒಂದೊಂದು ಗಂಟೆ ನುಡಿಸೋದು: ಒಳಗೆ ಬೆಚ್ಚಗಾಗುತ್ತೆ, ಕಾಂಟ್ಯಾಕ್ಟು, ಸ್ಲೈಡರು ತಾವಾಗೇ ಒರೆಸಿಕೊಳ್ಳುತ್ತವೆ.

ತಂಬೂರಿ ಶ್ರುತಿ (ಹಾಸನ)

ರಿಪೇರಿಯ ಬಗ್ಗೆ ಬಲ್ಲವರು ಹೇಳಿದ್ದಾರೆ. ಸುಗಮ ಸಂಗೀತಕ್ಕೆ ಜೊತೆ ನುಡಿಸುವ ವಿಷಯದಲ್ಲಿ ಕೆಲವು ಮಾತು.

ಜೂನೋ-106ರ ಕೀಗಳಿಗೆ ಒತ್ತಡದ ಅರಿವಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಶಬ್ದ. ಆದ್ದರಿಂದ ಏರಿಳಿತ ಬರಬೇಕಾದ್ದು ಎಡಗೈಯಿಂದ, ಫಿಲ್ಟರ್ ಸ್ಲೈಡರಿನ ಮೇಲೆ. ಪಲ್ಲವಿಯಲ್ಲಿ ಸ್ವಲ್ಪ ಮುಚ್ಚಿ, ಚರಣದ ಮೇಲ್‌ಸ್ಥಾಯಿಯಲ್ಲಿ ಹಾಡುಗಾರರ ದನಿ ಏರಿದಂತೆ ತೆರೆಯಬೇಕು. ವಾಲ್ಯೂಮ್ ಪೆಡಲ್ ಒಂದನ್ನು ಔಟ್‌ಪುಟ್ಟಿಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಹಿನ್ನೆಲೆಗೆ ಒಂದು ಪ್ಯಾಚ್, ಹತ್ತರ ಅಳತೆಯಲ್ಲಿ: ಡಿಸಿಒ (ಸ್ವರ ಹುಟ್ಟಿಸುವ ಆಸಿಲೇಟರ್) 8 ಅಡಿ, ಪಲ್ಸ್ ಮಾತ್ರ ಆನ್, ಪಿಡಬ್ಲ್ಯೂಎಂ (ಪಲ್ಸಿನ ಅಗಲದ ಬದಲಾವಣೆ) ಎಲ್‌ಎಫ್‌ಓಗೆ (ನಿಧಾನದ ಓಲಾಟ ಕೊಡುವ ಆಸಿಲೇಟರಿಗೆ) ಕೊಟ್ಟು 5, ಎಲ್‌ಎಫ್‌ಓ ವೇಗ 3. ಸಬ್ 2, ನಾಯ್ಸ್ 0. ಎಚ್‌ಪಿಎಫ್ (ಕೆಳಸ್ವರ ಕತ್ತರಿಸುವ ಫಿಲ್ಟರ್) 1. ಫಿಲ್ಟರ್ 4, ರೆಸೊನೆನ್ಸ್ 1, ಎನ್ವಲಪ್ 2, ಕೀಬೋರ್ಡ್ 5. ಅಟ್ಯಾಕ್ 3, ಡಿಕೇ 5, ಸಸ್ಟೇನ್ 8, ರಿಲೀಸ್ 4. ಕೋರಸ್ 1. ಎಚ್‌ಪಿಎಫ್ ಸೊನ್ನೆಗೆ ಇಡಬೇಡಿ. ಆ ಸ್ಥಾನ ಕೆಳಸ್ವರಗಳನ್ನು ಉಬ್ಬಿಸುತ್ತದೆ, ತಬಲಾದ ಡಗ್ಗಾದ ಮೇಲೆ ಬಿದ್ದು ಕೆಸರಾಗುತ್ತದೆ. ಕೋರಸ್ಸಿನ ಹಿಸ್ ಈ ವಾದ್ಯದ ಸ್ವಭಾವವೇ. ರೆಕಾರ್ಡಿಂಗಿನಲ್ಲಿ ಅಡ್ಡ ಬಂದರೆ ಕೋರಸ್ ಆಫ್ ಮಾಡಿ.

ರಿಲೀಸ್ ಹೆಚ್ಚು ಇಟ್ಟರೆ ಆರು ಧ್ವನಿ ಸಾಲುವುದಿಲ್ಲ. ಸ-ಪ-ಸ ಹಿಡಿದು ನಿಂತರೆ ಉಳಿಯುವುದು ಮೂರೇ. ನಾಲ್ಕನೆಯ ಹೊಸ ಸ್ವರ ಬಂದಾಗ ಹಳೆಯದೊಂದು ಕಡಿದುಹೋಗುತ್ತದೆ. ಶ್ರುತಿ ಹಿಡಿಯುವ ಕೆಲಸವನ್ನು ತಂಬೂರಿಗೋ ಶ್ರುತಿಪೆಟ್ಟಿಗೆಗೋ ಬಿಡಿ.

ಶ್ರುತಿ ಬದಲಾವಣೆಗೆ ಕೀ ಟ್ರಾನ್ಸ್‌ಪೋಸ್ ಒತ್ತಿಹಿಡಿದು ಬೇಕಾದ ಕೀ ಒತ್ತಬೇಕು. ಹೆಣ್ಣುಮಕ್ಕಳ ಐದೂವರೆ ಮನೆ ಶ್ರುತಿಗೆ ಜಿ ಶಾರ್ಪ್, ಗಂಡು ದನಿಯ ಒಂದೂವರೆಗೆ ಸಿ ಶಾರ್ಪ್. ಜೊತೆಗೆ ಹಾರ್ಮೋನಿಯಂ ಇದ್ದರೆ ಅದು 440 ಹರ್ಟ್ಜ್‌ನ ಪ್ರಮಾಣಿತ ಶ್ರುತಿಗೆ ಕೂತಿರುತ್ತದೆ ಎಂದು ಭಾವಿಸಬೇಡಿ. ಅದರ ಸ್ವರ ಹಿಡಿಸಿ ಜೂನೋದ ಟ್ಯೂನ್ ಗುಬ್ಬಿಯನ್ನು ತಿರುಗಿಸಿ ಕೂಡಿಸಿ. ಇದರ ಆಸಿಲೇಟರ್ ಡಿಜಿಟಲ್ ಗಡಿಯಾರದಿಂದ ನಡೆಯುವುದರಿಂದ ಒಮ್ಮೆ ಕೂಡಿಸಿದರೆ ಕಾರ್ಯಕ್ರಮ ಮುಗಿಯುವವರೆಗೂ ಅಲುಗದು.

ಗಮಕಕ್ಕೆ ಬೆಂಡರ್, ಅಂದರೆ ಸ್ವರ ಬಾಗಿಸುವ ಲಿವರ್. ಅದರ ಡಿಸಿಒ ಸ್ಲೈಡರನ್ನು ಹೀಗೆ ಹೊಂದಿಸಿ: ಸ ಒತ್ತಿ ಲಿವರನ್ನು ಬಲಕ್ಕೆ ಪೂರ್ತಿ ತಳ್ಳಿದಾಗ ಚತುಶ್ರುತಿ ರಿಷಭ ಸಿಗಬೇಕು. ಅದಕ್ಕಿಂತ ಹೆಚ್ಚಿಟ್ಟರೆ ಕೈಯ ಸಣ್ಣ ಅಲುಗಾಟಕ್ಕೂ ಅಪಸ್ವರ. ಜಾರುಗಳಿಗೆ ಪೋರ್ಟಮೆಂಟೊ (ಸ್ವರದಿಂದ ಸ್ವರಕ್ಕೆ ಜಾರಿಸುವ ಸೌಲಭ್ಯ) ಕಡಿಮೆ ಸಮಯದಲ್ಲಿಟ್ಟು, ಧ್ವನಿ ಹಂಚುವ ಎರಡು ಬಗೆಗಳಲ್ಲಿ ಪಾಲಿ 2 ಬಳಸಿ. ಪಾಲಿ 1ರಲ್ಲಿ ಧ್ವನಿಗಳು ಸರದಿಯಲ್ಲಿ ಬದಲಾಗುವುದರಿಂದ ಜಾರು ಹಿಂದಿನ ಸ್ವರದಿಂದ ಹೊರಡದೆ ಎಲ್ಲಿಂದಲೋ ಬರುತ್ತದೆ.

ಕಾಫಿ ಕಣ (ಬೇಲೂರು)

ಚರ್ಚೆಗೆ ಸಂಬಂಧಿಸಿದ್ದೇ. ಆರ್ಕೆಸ್ಟ್ರಾದವರ ಹಳೆಯ ಯಮಹಾ ಡಿಎಕ್ಸ್7 ಕೊಳ್ಳುವುದಾದರೆ ಇದೇ ಚಿಪ್ಪಿನ ಭಯ ಇದೆಯೇ?

ಹಾಸನ ಸೋಲ್ಡರ್

ಇಲ್ಲ ಸರ್. 1983ರ ಡಿಎಕ್ಸ್7 ಎಫ್‌ಎಂ (ಒಂದು ಅಲೆಯಿಂದ ಇನ್ನೊಂದನ್ನ ಬದಲಿಸಿ ಶಬ್ದ ಮಾಡೋ) ಮಷೀನು, ಶಬ್ದ ಎಲ್ಲಾ ಡಿಜಿಟಲ್ ಚಿಪ್ಪಿನಲ್ಲೇ ತಯಾರು. 80017ಎ ಥರದ ಫಿಲ್ಟರ್ ಇಲ್ಲವೇ ಇಲ್ಲ. 16 ಧ್ವನಿ, ಕೀಗೆ ಒತ್ತಡದ ಅರಿವೂ ಇದೆ. ಕೊಳ್ಳುವಾಗ ನೋಡಬೇಕಾದ್ದು: 61 ಕೀಯೂ ಒಂದೇ ಸಮ ನುಡಿಯುತ್ತವಾ, ಪೊರೆ ಬಟನ್‌ಗಳೆಲ್ಲ ಕೆಲಸ ಮಾಡ್ತವಾ, ಡಿಸ್‌ಪ್ಲೇ ಓದೋಕೆ ಆಗುತ್ತಾ, ಹಿಂಬದಿಯಲ್ಲಿ ಎಷ್ಟು ವೋಲ್ಟ್ ಅಂತ ಬರೆದಿದೆ. ಬ್ಯಾಟರಿ ಸತ್ತು ಶಬ್ದಗಳು ಹೋಗಿದ್ದರೆ ಹೆದರಬೇಡಿ. ಹೊಸ ಬ್ಯಾಟರಿ ಹಾಕಿ, ಮೆಮೊರಿ ಪ್ರೊಟೆಕ್ಟ್ ತೆಗೆದು, ಫಂಕ್ಷನ್ ಮೋಡಿನ 8ನೇ ಬಟನ್ನಿನಲ್ಲಿ ಸಿಸ್ ಇನ್ಫೋ ಅನ್ನೋದನ್ನ ಅವೈಲಬಲ್ ಮಾಡಿ. ಕಂಪ್ಯೂಟರಿನಿಂದ 32 ಶಬ್ದದ ಸಿಸೆಕ್ಸ್ ಫೈಲ್ (ಮಿಡಿ ಮೂಲಕ ಹೋಗೋ ಶಬ್ದದ ಡೇಟಾ) ಕಳಿಸಿದರೆ ತುಂಬಿಕೊಳ್ಳುತ್ತೆ. ಆ ಫೈಲ್ ಸರಿಯಾಗಿ 4104 ಬೈಟ್ ಇರಬೇಕು, ಅದಕ್ಕಿಂತ ಹೆಚ್ಚು ಕಡಿಮೆ ಇದ್ದರೆ ಅದು ಸರಿಯಾದ 32 ಶಬ್ದದ ಫೈಲ್ ಅಲ್ಲ ಅಂತ ಲೆಕ್ಕ.

ಕೊಳ್ಳುವಾಗ ನಿಜವಾಗಿ ಹೆದರಬೇಕಾದ್ದು 1981ರ ಕೊರ್ಗ್ ಪಾಲಿಸಿಕ್ಸ್ ಥರದವಕ್ಕೆ. ಅದರಲ್ಲಿರೋದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಸೋರಿದರೆ ಆ ಕ್ಷಾರ ಬೋರ್ಡಿನ ಟ್ರ್ಯಾಕ್‌ಗಳನ್ನೇ ತಿಂದುಬಿಡುತ್ತೆ. ಮುಚ್ಚಳ ತೆರೆದು ತೋರಿಸದೆ ಮಾರೋರಿಂದ ಅದನ್ನ ತಗೋಬೇಡಿ.

ಗಿರಿಸಾಲು

ಎಲ್ಲರಿಗೂ ಧನ್ಯವಾದ. ಕೀಗಳು ಐಸೊಪ್ರೊಪೈಲ್‌ನಿಂದಲೇ ಸರಿಹೋದವು. ಕೊನೆಯ ಒಂದು ಪ್ರಶ್ನೆ: 5ನೆಯ ಚಿಪ್ಪು ಬರಲು ತಡವಾಗುತ್ತದೆ. ಅಲ್ಲಿಯವರೆಗೆ ಅದನ್ನು ಬಿಚ್ಚಿಟ್ಟು ಐದು ಧ್ವನಿಯಲ್ಲಿ ನುಡಿಸಬಹುದೇ?

ಹಾಸನ ಸೋಲ್ಡರ್

ಬಿಚ್ಚಿದರೂ ಪ್ರೊಸೆಸರಿಗೆ ಅದು ಗೊತ್ತಾಗಲ್ಲ ಸರ್. ಸರದಿ ಬಂದಾಗ 5ಕ್ಕೆ ಸ್ವರ ಕೊಡುತ್ತೆ, ಆ ಸ್ವರ ಮೌನ. ಪಾಲಿ 2ರಲ್ಲಿ ಇಟ್ಟು ಒಂದೇ ಸಲಕ್ಕೆ ನಾಲ್ಕು ಸ್ವರ ಮೀರದ ಹಾಗೆ, ರಿಲೀಸ್ ಚಿಕ್ಕದಿಟ್ಟು ನುಡಿಸಿದರೆ 5ರ ಸರದಿ ಬರೋದೇ ಕಡಿಮೆ. ಆದರೆ ಈಗ 3 ಮತ್ತು 4 ಅಸಿಟೋನಿನಲ್ಲಿ ಇದ್ದರೆ ಆ ಉಪಾಯ ನಡೆಯಲ್ಲ. ಅವೆರಡನ್ನ ಮೊದಲು ಮುಗಿಸಿ ಸಾಕೆಟ್ಟಿಗೆ ಹಾಕಿ. ಆಮೇಲೆ 5ರ ಜಾಗಕ್ಕೂ ಸಾಕೆಟ್ ಹಾಕಿ ಖಾಲಿ ಬಿಡಿ, ಹೊಸ ಚಿಪ್ಪು ಬಂದ ದಿನ ಸೋಲ್ಡರಿಂಗ್ ಐರನ್ ಕಾಯಿಸದೇ ಕೂರಿಸಬಹುದು. ಕೂರಿಸುವಾಗ ಪಕ್ಕದ ಚಿಪ್ಪು ಯಾವ ಕಡೆ ಮುಖ ಮಾಡಿದೆಯೋ ಅದೇ ಕಡೆ ಇರಲಿ.